ಅಮ್ಮನ ಪ್ಲಾಸ್ಟರ್ ಬಾಯಿ ಮತ್ತು ಭಾವನ ಬನ್ನು

ನಾನು ಯಾರನ್ನೂ ಸುಲಭಕ್ಕೆ ಹೊಗಳುವವಳಲ್ಲ. ಮನೆಯಲ್ಲಿ ನನ್ನನ್ನು ಕತ್ತರಿ ಎಂದೇ ಕರೆಯುತ್ತಾರೆ. ಬಟ್ಟೆ ಹೊಲಿಯುವವಳು ಎನ್ನುವುದು ಅದಕ್ಕೆ ಅರ್ಧ ಕಾರಣ, ಮಿಕ್ಕ ಅರ್ಧ ಏನೆಂದು ನನ್ನ ಜೊತೆ ಎರಡು ಮಾತಾಡಿದವರಿಗೆಲ್ಲ ಗೊತ್ತು. ಅಂಥವಳು ನಮ್ಮ ಭಾವನ ಬಗ್ಗೆ, ಅದೂ ಅವರು ಮಾಡುವ ಬನ್ನಿನ ಬಗ್ಗೆ ಬರೆಯಲು ಕೂತಿದ್ದೇನೆ ಎಂದರೆ ಅಕ್ಕನಿಗೆ ನಂಬಿಕೆಯೇ ಬರುತ್ತಿಲ್ಲ. "ಅವ್ರನ್ನ ಕಂಡ್ರೆ ಉರಿದು ಬೀಳ್ತಿದ್ದೆಯಲ್ಲೇ" ಎಂದು ಕೆಣಕುತ್ತಾಳೆ. ಉರಿದು ಬೀಳುತ್ತಿದ್ದುದು ನಿಜ. ಸುಳ್ಳು ಹೇಳಿ ಏನಾಗಬೇಕು.

ಭಾವ ಹಲ್ಲು ಕಟ್ಟುವವರು. ನಮ್ಮ ಬೀದಿಯ ಕೊನೆಯಲ್ಲಿರುವ ಹಲ್ಲಿನ ಕ್ಲಿನಿಕ್ಕಿನ ಹಿಂಭಾಗದಲ್ಲಿ, ಒಂದು ಮಂಚ ಹಾಕಿದರೆ ತುಂಬಿಹೋಗುವಂಥ ಕೋಣೆಯೊಂದಿದೆ. ಅಲ್ಲಿ ಕೂತು ಮೂವತ್ತು ವರ್ಷದಿಂದ ಹಲ್ಲಿಲ್ಲದವರಿಗೆ ಹಲ್ಲಿನ ಸೆಟ್ಟು ಮಾಡುತ್ತಿದ್ದಾರೆ. ಈಗ ಆ ಕ್ಲಿನಿಕ್ಕಿನಲ್ಲಿ ಹಲ್ಲು ಕೀಳಿಸಿಕೊಂಡು ಕೆನ್ನೆ ಹಿಡಿದುಕೊಂಡು ಹೊರಡುವವರ ಕೈಗೆ ಡಾಕ್ಟರಮ್ಮ ಮಾತ್ರೆಯ ಚೀಟಿಯ ಜೊತೆಗೆ ಕಾಗದದಲ್ಲಿ ಸುತ್ತಿದ ಎರಡು ಬನ್ನು ಕೊಡುತ್ತಾರೆ. ಹಲ್ಲಿನ ಡಾಕ್ಟರ ಹತ್ತಿರ ಬನ್ನು ಸಿಗುವುದು ಇನ್ನೆಲ್ಲಾದರೂ ಇದೆಯೋ ಇಲ್ಲವೋ ನನಗೆ ತಿಳಿಯದು. ಇಲ್ಲಿ ಅದು ಹೇಗೆ ಶುರುವಾಯಿತು ಎನ್ನುವುದು ಮಾತ್ರ ಚೆನ್ನಾಗಿ ಗೊತ್ತು, ಏಕೆಂದರೆ ಆ ಮೂರು ವಾರ ಅಡುಗೆಮನೆಯ ಗೋಡೆಯ ಈಚೆ ನನ್ನ ಹೊಲಿಗೆ ಮೆಷಿನ್ನು ಓಡುತ್ತಿತ್ತು.

ಅಕ್ಕ ರೈಲ್ವೆ ಸ್ಟೇಷನ್ನಿನಲ್ಲಿ ಟಿಕೆಟ್ ಕೊಡುವವಳು. ಬೆಳಿಗ್ಗೆ ಹೋದರೆ ಸಂಜೆ ಬರುತ್ತಾಳೆ. ಆ ಮನೆಯಲ್ಲಿ ಅಕ್ಕ, ಭಾವ, ಅಮ್ಮ, ಮತ್ತೆ ಮುಂದಿನ ಕೋಣೆಯನ್ನು ಹೊಲಿಗೆ ಅಂಗಡಿ ಮಾಡಿಕೊಂಡ ನಾನು, ಇಷ್ಟೇ ಜನ. ಮೂವರು ಹೆಂಗಸರು ಬಾಯಿ ಬಿಟ್ಟರೆ ಮುಚ್ಚುವವರಲ್ಲ. ಭಾವ ಬಾಯಿ ಬಿಡುವವರೇ ಅಲ್ಲ. "ಊಟ ಹೇಗಿತ್ತು ಭಾವ?" ಎಂದು ಕೇಳಿದರೆ ಅವರು ಕೈ ತೊಳೆದು, ಒರೆಸಿಕೊಂಡು, ಟವೆಲ್ಲನ್ನು ಮೊಳೆಗೆ ಹಾಕಿ, ಆಮೇಲೆ "ಆಯ್ತು" ಎನ್ನುತ್ತಿದ್ದರು. ಕೇಳಿದ್ದೇನು, ಹೇಳಿದ್ದೇನು. ಬೀದಿಯಲ್ಲಿ ಅವರ ಜೊತೆ ನಡೆಯುವುದಂತೂ ಶಿಕ್ಷೆ. ಎದುರಿಗೆ ಬಂದವರ ಮುಖ ನೋಡುವುದಿಲ್ಲ, ಬಾಯಿ ನೋಡುತ್ತಾರೆ. ಯಾರೋ ನಗುತ್ತಾ ಮಾತಾಡಿಸಿ ಮುಂದೆ ಹೋದ ಮೇಲೆ, "ಯಾರು ಭಾವ ಅವ್ರು?" ಎಂದರೆ, "ಗೊತ್ತಿಲ್ಲ. ಕೆಳಗಿನ ಸೆಟ್ಟು ನಂದು" ಎನ್ನುತ್ತಾರೆ.

ಇವೆಲ್ಲಕ್ಕಿಂತ ನನ್ನ ತಲೆ ಕೆಡಿಸುತ್ತಿದ್ದುದು ಅವರ ಕುಟ್ಟುವ ಚಟ. ಚಹಾ ಲೋಟ ಕೈಗೆ ಬಂದರೆ ಮೇಜಿಗೆ ಟಕ್ ಟಕ್ ಟಕ್ ಎಂದು ಮೂರು ಸಲ ಕುಟ್ಟಿಯೇ ಕುಡಿಯುವುದು. ಎಣ್ಣೆಯ ಬಾಟಲಿ, ಔಷಧಿಯ ಸೀಸೆ, ನೀರಿನ ಚೊಂಬು, ಎಲ್ಲಕ್ಕೂ ಅದೇ ಗತಿ. ಒಮ್ಮೆ ಸಿಡುಕಿದೆ. ಆಗ ಅಕ್ಕ ನನ್ನನ್ನು ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ ತೋರಿಸಿದಳು. ಒಂದು ರಬ್ಬರ್ ಬಟ್ಟಲಿನಲ್ಲಿ ಬಿಳಿ ಪ್ಲಾಸ್ಟರ್ ಕಲಸಿ, ಯಾರದೋ ಒಸಡಿನ ಅಚ್ಚಿಗೆ ಚಮಚೆಯಲ್ಲಿ ತುಂಬುತ್ತಾ ಭಾವ ಅಚ್ಚನ್ನು ಮೇಜಿಗೆ ಮೆಲ್ಲಗೆ ಕುಟ್ಟುತ್ತಿದ್ದರು. ಕುಟ್ಟಿದಂತೆಲ್ಲ ಒಳಗಿನ ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ಮೇಲೆ ಬಂದು ಒಡೆಯುತ್ತಿತ್ತು. ಸಾಸಿವೆ ಕಾಳಿನಷ್ಟು ಗಾಳಿ ಒಳಗೆ ಉಳಿದರೂ ಆ ಜಾಗದಲ್ಲಿ ಒಸಡಿನ ಆಕಾರ ತಪ್ಪುತ್ತದೆ, ಆಕಾರ ತಪ್ಪಿದ ಕಡೆ ಸೆಟ್ಟು ಚುಚ್ಚುತ್ತದೆ. ಮೂವತ್ತು ವರ್ಷ ಆ ಮನುಷ್ಯ ಗುಳ್ಳೆಯ ಮೇಲೆ ಹಗೆ ಸಾಧಿಸಿದ್ದರು. ಕೈ ಕಲಿತದ್ದನ್ನು ಮನೆಗೆ ಬಂದಮೇಲೆ ಕಳಚಿ ಮೊಳೆಗೆ ನೇತುಹಾಕಲು ಆಗುತ್ತದೆಯೇ? ಅವತ್ತಿನಿಂದ ಕುಟ್ಟುವುದಕ್ಕೆ ನಾನು ಸಿಡುಕುವುದನ್ನು ಬಿಟ್ಟೆ. ಕಿವಿಗೂ ಅಭ್ಯಾಸವಾಯಿತು. ಮುಂದೆ ಆ ಅಭ್ಯಾಸವೇ ನನ್ನನ್ನು ಬೆಪ್ಪು ಮಾಡಿತು, ಅದನ್ನು ಆಮೇಲೆ ಹೇಳುತ್ತೇನೆ.

ಅಮ್ಮನ ವಿಷಯ ಹೇಳಬೇಕು. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿದವಳು. ಆ ಕಿವಿಯ ಮುಂದೆ ಗುಟ್ಟು ನಿಲ್ಲುವುದಿಲ್ಲ. ಪಕ್ಕದ ಕೋಣೆಯಲ್ಲಿ ನಾನು ದಾರ ಕಚ್ಚಿ ತುಂಡು ಮಾಡಿದರೂ "ಹಲ್ಲು ಹಾಳಾಗುತ್ತೆ ಕಣೇ, ಕತ್ತರಿ ತಗೋ" ಎಂದು ಕೂಗುವಳು. ಅವಳ ಹಲ್ಲೋ, ಎಪ್ಪತ್ತೆರಡನೇ ವಯಸ್ಸಿಗೆ ಎಂಟು ಉಳಿದಿದ್ದವು. ಆ ಎಂಟೂ ಒಂದೊಂದು ದಿಕ್ಕಿಗೆ ಅಲುಗಾಡುತ್ತಿದ್ದವು. ಆದರೂ ಹುರಿದ ಕಡಲೆಕಾಯಿ ಬಿಡುತ್ತಿರಲಿಲ್ಲ. ಒಂದು ದಿನ ನೋವು ತಡೆಯಲಾರದೆ ಕಣ್ಣಲ್ಲಿ ನೀರು ತುಂಬಿಕೊಂಡಾಗ ಭಾವ ಎದುರಿಗೆ ಬಂದು ಕೂತರು.

"ಎಲ್ಲಾ ತೆಗೆಸಿಬಿಡಿ ಅತ್ತೆ. ಕಡಲೆಕಾಯಿ ಕಟಕಟ ಅಂತ ಅಗಿಯೋ ಹಾಗೆ ಸೆಟ್ಟು ಮಾಡ್ಕೊಡ್ತೀನಿ. ನನ್ ಮಾತು ನಂಬಿ."

ಅವರ ಬಾಯಿಂದ ಅಷ್ಟು ಉದ್ದದ ಮಾತು ನಾನು ಕೇಳಿದ್ದು ಅದೇ ಮೊದಲು. ಅಮ್ಮ ನಂಬಿದಳು. ಎಂಟನ್ನೂ ತೆಗೆಸಿದಳು. ಒಸಡು ಮಾಗಿದ ಮೇಲೆ ಭಾವ ಅಚ್ಚು ತೆಗೆದು, ಅಮ್ಮನ ಮೇಲಿನ ಒಸಡು ಕೆಳಗಿನ ಒಸಡುಗಳನ್ನು ಪ್ಲಾಸ್ಟರಿನಲ್ಲಿ ಎರಕ ಹೊಯ್ದು, ಬಾಗಿಲಿನ ಹಾಗೆ ತೆರೆದು ಮುಚ್ಚುವ ಹಿತ್ತಾಳೆಯ ಕೀಲಿಗೆ ಎರಡನ್ನೂ ಕೂರಿಸಿ, ಆ ಬಿಳಿ ಬಾಯಿಯ ಮೇಲೆ ಹಲ್ಲು ಜೋಡಿಸಿದರು. ಮುತ್ತು ಪೋಣಿಸಿದ ಹಾಗಿತ್ತು. ಅಮ್ಮ ಹಾಕಿಕೊಂಡು ಕನ್ನಡಿ ನೋಡಿಕೊಂಡಳು, ನಕ್ಕಳು, ನಗುತ್ತಿದ್ದಂತೆಯೇ ಕೆಳಗಿನ ಸೆಟ್ಟು ಮೇಲೆದ್ದು ನಾಲಿಗೆಯ ಮೇಲೆ ಬಂದು ಕೂತಿತು.

ಒಸಡಿನ ಮೂಳೆ ಸವೆದು ಚಪ್ಪಟೆಯಾಗಿಬಿಟ್ಟಿತ್ತು. ಸೆಟ್ಟು ಹಿಡಿದು ನಿಲ್ಲಲು ದಿಣ್ಣೆಯೇ ಇರಲಿಲ್ಲ. "ಇದ್ರಲ್ಲಿ ನಿಮ್ಮ ತಪ್ಪೇನೂ ಇಲ್ಲ" ಎಂದು ಡಾಕ್ಟರಮ್ಮ ಭಾವನಿಗೆ ಹತ್ತು ಸಲ ಹೇಳಿದರು. ಭಾವ ಐದು ಸಲ ಹೊಸದಾಗಿ ಮಾಡಿದರು. ಐದು ಸಲವೂ ಅಮ್ಮನ ಒಸಡು ಹುಣ್ಣಾಯಿತು. ಐದನೆಯದನ್ನು ಅಮ್ಮ ಬಾಯಿಂದ ತೆಗೆದು, ತೊಳೆದು, ನನ್ನ ಗುಂಡಿಗಳ ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದಳು. ಭಾವನನ್ನು ಒಂದು ಮಾತು ಅನ್ನಲಿಲ್ಲ. ಬೈದಿದ್ದರೆ ಆ ಮನುಷ್ಯನಿಗೆ ಎಷ್ಟೋ ಹಗುರಾಗುತ್ತಿತ್ತು.

ಹಲ್ಲು ಹೋದ ಮೇಲೆ ಅಮ್ಮನ ಊಟವೂ ಹೋಯಿತು. ಗಂಜಿ ಕೊಟ್ಟರೆ ಎರಡು ಗುಟುಕು, ಹಾಲು ಕೊಟ್ಟರೆ ಅರ್ಧ ಲೋಟ, ಔಷಧಿ ಅಂಗಡಿಯಿಂದ ತಂದ ಡಬ್ಬಿಯ ಪುಡಿ ಕಲಸಿ ಕೊಟ್ಟರೆ ವಾಕರಿಕೆ. "ಕುಡಿಯೋದು ಊಟ ಅಲ್ಲ ಕಣೇ. ಬಾಯೊಳಗೆ ಏನೋ ಒಂದು ಇದೆ ಅನ್ನಿಸ್ಬೇಕು. ಅಗಿದು, ಆ ಕಡೆಯಿಂದ ಈ ಕಡೆಗೆ ತಳ್ಳಿ, ಆಮೇಲೆ ನುಂಗಿದ್ರೆ ಅದು ಊಟ" ಎನ್ನುತ್ತಿದ್ದಳು. ನಾನು ಗದರಿಸಿದೆ, ಗೋಗರೆದೆ, ಮುಖ ಊದಿಸಿಕೊಂಡು ಕೂತೆ. ಅವಳು ಜಗ್ಗಲಿಲ್ಲ. ನಲವತ್ತೈದು ಕೆಜಿ ಇದ್ದವಳು ನಲವತ್ತಕ್ಕೆ ಇಳಿದಳು. ಆಸ್ಪತ್ರೆಯ ಡಾಕ್ಟರು ಪ್ರತಿ ಸೋಮವಾರ ತೂಕ ನೋಡಿಸಲು ಕರೆತನ್ನಿ ಎಂದರು. ಅಮ್ಮನನ್ನು ಹೊರಗೆ ಕೂರಿಸಿ ನಮ್ಮಿಬ್ಬರಿಗೆ, ಅಂದರೆ ಭಾವನಿಗೂ ನನಗೂ, ಒಂದು ಮಾತು ಹೇಳಿದರು.

"ಮೂವತ್ತೆಂಟಕ್ಕಿಂತ ಕೆಳಗೆ ಇಳಿದ್ರೆ ನಾನು ಕಾಯಲ್ಲ. ಮೂಗಿನಿಂದ ನಳಿಗೆ ಹಾಕಿ ಆಹಾರ ಕೊಡಬೇಕಾಗುತ್ತೆ."

ಬಾಗಿಲು ಮುಚ್ಚಿತ್ತು. ಮುಚ್ಚಿದ್ದರೇನು, ಆ ಕಿವಿ ಯಾರದು? ದಾರಿಯಲ್ಲಿ ಅಮ್ಮ ಯಾರ ಮುಖವನ್ನೂ ನೋಡದೆ ಹೇಳಿದಳು: "ನಳಿಗೆ ಹಾಕಿಸ್ಬೇಡಿ. ಬೇಕಾದ್ರೆ ಒಂದು ಬನ್ನು ತಂದುಕೊಡಿ, ತಿಂದು ನೋಡ್ತೀನಿ."

ಅಂಗಡಿಯ ಬನ್ನು ತಂದೆವು. ಅದರ ಮೇಲಿನ ಸಿಪ್ಪೆ ಅವಳ ಒಸಡನ್ನು ಗೀರಿತು, ಒಳಗಿನದು ಉಂಡೆ ಕಟ್ಟಿ ಅಂಗುಳಕ್ಕೆ ಅಂಟಿಕೊಂಡಿತು. ಹಾಲಿನಲ್ಲಿ ನೆನೆಸಿ ಕೊಟ್ಟರೆ, "ಒದ್ದೆ ಬಟ್ಟೆ ತಿಂದ ಹಾಗಿದೆ" ಎಂದು ತಟ್ಟೆ ಪಕ್ಕಕ್ಕೆ ಸರಿಸಿದಳು. ಭಾವ ಆ ತಟ್ಟೆಯನ್ನು ನೋಡುತ್ತಾ ನಿಂತಿದ್ದರು. ಮರುದಿನ ಮಧ್ಯಾಹ್ನ ಕ್ಲಿನಿಕ್ಕಿನಿಂದ ಬರುವಾಗ ಅವರ ಕೈಯಲ್ಲಿ ಎರಡು ಕೆಜಿ ಮೈದಾ, ಈಸ್ಟಿನ ಪೊಟ್ಟಣ, ಬೆಣ್ಣೆ, ಕೋಣೆಯಲ್ಲಿ ಪುಡಿ ತೂಗುವ ಸಣ್ಣ ತಕ್ಕಡಿ, ಮತ್ತೆ ಹಳೆಯ ಪತ್ರಿಕೆಯಲ್ಲಿ ಸುತ್ತಿದ ಗಂಟೊಂದು ಇದ್ದವು. ಗಂಟು ಬಿಚ್ಚಿ ಅಡುಗೆಮನೆಯ ಹಿಟ್ಟಿನ ಡಬ್ಬಿಯ ಮೇಲೆ ಇಟ್ಟರು. ಅದು ಕೀಲಿಗೆ ಕೂರಿಸಿದ ಅಮ್ಮನ ಪ್ಲಾಸ್ಟರ್ ಬಾಯಿ.

"ಇದ್ಯಾಕೆ ಭಾವ ಇಲ್ಲಿ?"

"ಇದು ಅಗಿದ್ರೆ ಅತ್ತೆ ಅಗೀತಾರೆ" ಎಂದರು. "ಸುಮ್ಸುಮ್ನೆ ಅವ್ರ ಬಾಯಿಗೆ ಕೊಟ್ಟು ಹುಣ್ಣು ಮಾಡೋದು ಬೇಡ."

ಜೀವಮಾನದಲ್ಲಿ ಒಂದು ಲೋಟ ನೀರು ಬಿಸಿ ಮಾಡಿದವರಲ್ಲ ನಮ್ಮ ಭಾವ. ಅಂಥವರು ಮುಂದಿನ ಮೂರು ವಾರ ಮಧ್ಯಾಹ್ನ ಮೂರಕ್ಕೆ ಅಡುಗೆಮನೆ ಹೊಕ್ಕರೆ ಸಂಜೆ ಏಳಕ್ಕೆ ಹೊರಗೆ ಬರುತ್ತಿದ್ದರು. ಮೊದಲ ದಿನದ ಬನ್ನನ್ನು ನಾನು ಮರೆಯುವ ಹಾಗಿಲ್ಲ. ಹಿಟ್ಟು ಬೇಗ ಉಬ್ಬಲಿ ಎಂದು ಅವರು ಅದಕ್ಕೆ ಉಪ್ಪು ಸುರಿದಿದ್ದರು. ಪ್ಲಾಸ್ಟರಿಗೆ ಚಿಟಿಕೆ ಉಪ್ಪು ಹಾಕಿದರೆ ಬೇಗ ಗಟ್ಟಿಯಾಗುತ್ತದಂತೆ, ಅದೇ ಲೆಕ್ಕ ಇಲ್ಲೂ. ಈಸ್ಟು ಉಪ್ಪಿನಲ್ಲಿ ಸತ್ತೇ ಹೋಯಿತು. ಬಂದದ್ದನ್ನು ಪ್ಲಾಸ್ಟರ್ ಬಾಯಿಗೆ ಕೊಟ್ಟು ಒತ್ತಿದರೆ ಬನ್ನಿಗೆ ಏನೂ ಆಗಲಿಲ್ಲ, ಪ್ಲಾಸ್ಟರಿನ ಒಸಡಿನ ತುದಿ ಒಂದು ಚೂರು ಉದುರಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ನಕ್ಕದ್ದು ಸಾಲದು ಎಂದು ಆ ಬನ್ನನ್ನು ಎತ್ತಿಕೊಂಡು ಹೋಗಿ, ಬಟ್ಟೆ ಕತ್ತರಿಸುವಾಗ ಜಾರದಿರಲೆಂದು ಅಂಚಿನ ಮೇಲೆ ಭಾರಕ್ಕೆ ಇಟ್ಟುಕೊಂಡೆ. ವಾರಗಟ್ಟಲೆ ಅದು ನನ್ನ ಮೇಜಿನ ಮೇಲೆ ಇತ್ತು. ಹೋಗಿ ಬರುವಾಗ ಭಾವ ಅದನ್ನು ನೋಡುತ್ತಿದ್ದರು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅವರು ಬಿಡಲಿಲ್ಲ. ಉಪ್ಪು ಇಳಿಯಿತು. ಒಂದು ದಿನ, ಬಿಸಿನೀರು ಹಾಕಿದರೆ ಬೇಗ ಆಗಬಹುದೆಂದು ಮತ್ತೆ ಪ್ಲಾಸ್ಟರಿನ ಬುದ್ಧಿಯನ್ನೇ ಓಡಿಸಿ, ಒಂದು ಹಿಡಿ ಮೈದಾಕ್ಕೆ ಕುದಿಯುವ ನೀರು ಸುರಿದುಬಿಟ್ಟರು. ಹಿಟ್ಟು ಬೆಂದು ಗೋಡೆಗೆ ಕಾಗದ ಅಂಟಿಸುವ ಅಂಟಿನ ಹಾಗಾಯಿತು. ಬೇರೆ ಯಾರಾದರೂ ಆಗಿದ್ದರೆ ಚೆಲ್ಲುತ್ತಿದ್ದರು. ಭಾವ ಚಮಚೆಯಲ್ಲಿ ಎತ್ತಿ ಎತ್ತಿ ನೋಡಿದರು, ಎರಡು ಬೆರಳ ನಡುವೆ ಎಳೆದು ನೋಡಿದರು. "ಇದು ನೀರನ್ನ ಹಿಡ್ಕೊಂಡಿದೆ, ಬಿಡಲ್ಲ" ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಅದು ಆರಿದ ಮೇಲೆ ಉಳಿದ ಹಿಟ್ಟಿನ ಜೊತೆ ಸೇರಿಸಿ ನಾದಿದರು. ಆವತ್ತಿನ ಬನ್ನು ಮರುದಿನ ಸಂಜೆಯವರೆಗೂ ಒಣಗಲಿಲ್ಲ. ಒಣಗಲಿಲ್ಲ ಎಂದರೆ ಮೆತ್ತಗಿತ್ತು ಎಂದಲ್ಲ. ಹಸಿಯಾಗಿಯೂ ಗಟ್ಟಿಯಾಗಿಯೂ ಇತ್ತು, ಸಾಬೂನಿನ ತುಂಡಿನ ಹಾಗೆ. ಅದಕ್ಕೆ ಏನು ಕಾರಣ ಎಂದು ಅವರಿಗೆ ತಿಳಿಯಲಿಲ್ಲ. ಎಷ್ಟು ಗ್ರಾಂ ಹಿಟ್ಟು, ಎಷ್ಟು ಹಾಲು, ಎಷ್ಟು ನಿಮಿಷ ನಾದಿದ್ದು, ಎಷ್ಟು ಹೊತ್ತು ಇಟ್ಟದ್ದು ಎಲ್ಲವನ್ನೂ ಹಲ್ಲಿನ ಅಳತೆ ಬರೆಯುವ ಪುಸ್ತಕದಲ್ಲಿ ಬರೆದರು. ಬರೆದದ್ದೆಲ್ಲ ಸರಿಯಾಗಿತ್ತು. ಬನ್ನು ಮಾತ್ರ ಕಲ್ಲು.

ಅತ್ತ ಅಮ್ಮನ ತೂಕ. ಮೊದಲ ಸೋಮವಾರ ಮೂವತ್ತೊಂಬತ್ತು ಕೆಜಿ ನಾನೂರು ಗ್ರಾಂ. ಎರಡನೇ ಸೋಮವಾರ ಮೂವತ್ತೆಂಟು ಎಂಟುನೂರು. ಮೂರನೆಯದಕ್ಕೆ ಮೂವತ್ತೆಂಟರ ಮೇಲೆ ಬರೀ ನೂರು ಗ್ರಾಂ. ಅವತ್ತು ಡಾಕ್ಟರು ಚೀಟಿಯ ಮೇಲೆ ಏನೋ ಬರೆದು, "ಮುಂದಿನ ಸೋಮವಾರ ಬರುವಾಗ ಒಂದೆರಡು ದಿನ ಇರೋ ಹಾಗೆ ಬಟ್ಟೆಬರೆ ತಗೊಂಡೇ ಬನ್ನಿ" ಎಂದರು. ಅಕ್ಕ ಮನೆಗೆ ಬಂದವಳೇ ಭಾವನ ಮೇಲೆ ಹರಿಹಾಯ್ದಳು.

"ರೀ, ಸಾಕು ಮಾಡ್ರೀ ಈ ಹಿಟ್ಟಿನ ಆಟ. ಹಲ್ಲಿನ ಮೇಲಿನ ಸಿಟ್ಟನ್ನ ಹಿಟ್ಟಿನ ಮೇಲೆ ತೀರಿಸ್ಕೋಬೇಡಿ."

ಭಾವ ತಲೆ ಬಗ್ಗಿಸಿದರು. "ನಾನೇ ತೆಗೆಸಿ ಅಂದೆ" ಎಂದರು. "ಎಂಟಾದ್ರೂ ಇತ್ತು. ನಾನೇ ಎಲ್ಲಾ ತೆಗೆಸಿ ಅಂದೆ." ನಾನು ಮೆಲ್ಲಗೆ ಎದ್ದು ಹೋಗಿ ಮೇಜಿನ ಮೇಲಿದ್ದ ಕಲ್ಲುಬನ್ನನ್ನು ತೆಗೆದು ಕಸದ ಬುಟ್ಟಿಗೆ ಹಾಕಿ ಬಂದೆ.

ಅದಾಗಿ ಎರಡನೇ ದಿನ, ಬುಧವಾರ. ಅಮ್ಮನಿಗೆ ಮಲಗಿ ಮಲಗಿ ಬೇಜಾರಾಗಿ, ಅಡುಗೆಮನೆಯ ಕಿಟಕಿಯ ಹತ್ತಿರ ಬಿಸಿಲು ಬೀಳುವ ಕಡೆ ಕುರ್ಚಿ ಹಾಕಿಸಿಕೊಂಡಳು. ಶಾಲು ಹೊದ್ದು ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಎಂದುಕೊಂಡೆವು. ಭಾವ ಹಿಟ್ಟು ನಾದಿ, ಏಳು ಉಂಡೆ ಮಾಡಿ, ದುಂಡನೆಯ ಟಿನ್ನಿನಲ್ಲಿ ಜೋಡಿಸಿ, ಬಟ್ಟೆ ಮುಚ್ಚಿ ಇಟ್ಟರು. ಮುಕ್ಕಾಲು ಗಂಟೆಯಾದ ಮೇಲೆ ಬಟ್ಟೆ ತೆಗೆದರು. ನಾನು ಬಾಗಿಲಲ್ಲಿ ನಿಂತಿದ್ದೆ. ಉಂಡೆಗಳು ದಪ್ಪಗೆ ಉಬ್ಬಿ ಒಂದಕ್ಕೊಂದು ಕೆನ್ನೆ ಒತ್ತಿಕೊಂಡು ಕೂತಿದ್ದವು. ಭಾವ ಟಿನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮೂಲೆಯಲ್ಲಿದ್ದ ಅಕ್ಕನ ಹಳೆಯ ಒವನ್ನಿನ ಕಡೆ ತಿರುಗಿದರು. ತಿರುಗುವ ಮುಂಚೆ ಕಟ್ಟೆಗೆ ಕುಟ್ಟಿದರು. ಟಕ್ ಟಕ್ ಟಕ್.

"ಅದ್ಯಾಕೆ ಕುಟ್ತೀರಿ?"

ಅಮ್ಮ ಕಣ್ಣು ತೆರೆದಿರಲಿಲ್ಲ. ಕಿವಿ ತೆರೆದಿತ್ತು.

"ಏನ್ ಅತ್ತೆ?"

"ಮೂರು ವಾರದಿಂದ ಕೇಳ್ತಾ ಇದ್ದೀನಿ. ದಿನಾ ಸಂಜೆ ಒವನ್ನಿನ ಬಾಗಿಲು ಕಿರ್ ಅನ್ನೋಕೆ ಮುಂಚೆ ಟಕ್ ಟಕ್ ಅನ್ನುತ್ತೆ. ಯಾಕೆ ಅದು?"

"ಗುಳ್ಳೆ ಹೋಗ್ಬೇಕಲ್ಲ ಅತ್ತೆ" ಎಂದರು ಭಾವ. ಬಾಯಿ ಹೇಳಿದ್ದನ್ನು ಅವರ ಕಿವಿ ಕೇಳಿಸಿಕೊಂಡದ್ದು ಆಮೇಲೆ. ಟಿನ್ನನ್ನು ನೋಡಿದರು. ನಾನೂ ನೋಡಿದೆ. ಆಗಷ್ಟೇ ಕೆನ್ನೆ ಉಬ್ಬಿಸಿಕೊಂಡಿದ್ದ ಏಳೂ ಉಂಡೆಗಳು ಸುಕ್ಕಾಗಿ ಕೆಳಗೆ ಕೂತಿದ್ದವು.

"ಗುಳ್ಳೆ ಹೋದ್ಮೇಲೆ ಬನ್ನಿನಲ್ಲಿ ಇನ್ನೇನು ಉಳಿಯುತ್ತೆ?" ಎಂದಳು ಅಮ್ಮ. "ಹಿಟ್ಟು."

ನನಗೆ ಕೆನ್ನೆಗೆ ಹೊಡೆದ ಹಾಗಾಯಿತು. ಮೂರು ವಾರ ಆ ಸದ್ದು ನನ್ನ ಕಿವಿಗೂ ಬಿದ್ದಿತ್ತು. ಭಾವನ ಚಟ ಅಲ್ಲವೇ ಎಂದು ಅದನ್ನು ಕಿವಿಯ ಹೊರಗೇ ನಿಲ್ಲಿಸಿದ್ದೆ. ಅವರಿಗಂತೂ ತಾವು ಕುಟ್ಟುತ್ತಿರುವುದೇ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಗ್ರಾಂ ಇತ್ತು, ನಿಮಿಷ ಇತ್ತು, ಕುಟ್ಟಿದ್ದು ಮಾತ್ರ ಒಂದು ದಿನವೂ ಇರಲಿಲ್ಲ. ಉಸಿರಾಡಿದ್ದನ್ನು ಯಾರಾದರೂ ಬರೆದಿಡುತ್ತಾರೆಯೇ? ಭಾವ ಟಿನ್ನು ಕೆಳಗಿಟ್ಟು, ತಮ್ಮ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡಿಕೊಂಡರು.

ಮರುದಿನ ಮತ್ತೆ ಹಿಟ್ಟು. ಅವತ್ತು ಕುಟ್ಟಬಾರದು ಎಂದು ಎಚ್ಚರದಿಂದಲೇ ಇದ್ದರು. ಬಟ್ಟೆ ತೆಗೆದರು, ಟಿನ್ನು ಎತ್ತಿದರು, ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಎರಡು ಹೆಜ್ಜೆ ಇಟ್ಟರು. ಮೂರನೆಯದಕ್ಕೆ ಕೈ ತಾನಾಗಿ ಕಟ್ಟೆಗೆ ಇಳಿಯಿತು. ಟಕ್. ಒಂದೇ ಸಲ, ಆದರೂ ಸಾಕಾಗಿತ್ತು. ಭಾವ ಅಲ್ಲೇ ನಿಂತುಬಿಟ್ಟರು.

"ನನ್ನ ಕೈಯಲ್ಲಿ ಆಗಲ್ಲ ಅತ್ತೆ. ಈ ಕೈ ನನ್ನ ಮಾತು ಕೇಳಲ್ಲ."

ಅಮ್ಮ ಶಾಲು ಸರಿಸಿದಳು. ಮಡಿಲು ಸರಿಮಾಡಿಕೊಂಡಳು. "ಇನ್ನೊಂದು ಸಲ ಕಲಸಿ" ಎಂದಳು. "ಟಿನ್ನು ಇಲ್ಲಿಡಿ. ನಾನು ಇಟ್ಕೊಂಡಿರ್ತೀನಿ. ಒಳಗೆ ಇಡೋಕೆ ಇವಳನ್ನ ಕರೀತೀನಿ. ನೀವು ಈ ಕಡೆ ಬರ್ಬೇಡಿ."

ಹಾಗೆ ಶುಕ್ರವಾರ ಮಧ್ಯಾಹ್ನ ಆ ಟಿನ್ನು ಅಮ್ಮನ ಮಡಿಲೇರಿತು. ಮೇಲೆ ಬಟ್ಟೆ, ಬಟ್ಟೆಯ ಮೇಲೆ ಶಾಲು, ಶಾಲಿನ ಮೇಲೆ ಕಿಟಕಿಯ ಬಿಸಿಲು. ತಿಂಗಳಿನಿಂದ ಗೋಡೆ ನೋಡುತ್ತಾ ಮಲಗಿದ್ದವಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ನಡುನಡುವೆ ಬಟ್ಟೆಯಂಚು ಎತ್ತಿ ಇಣುಕುತ್ತಿದ್ದಳು. ಭಾವ ಬಾಗಿಲ ಹತ್ತಿರ ಬಂದರೆ, "ಹೋಗಿ ಹೋಗಿ, ದೂರ ಹೋಗಿ" ಎಂದು ಕೋಳಿ ಅಟ್ಟುವ ಹಾಗೆ ಅಟ್ಟುತ್ತಿದ್ದಳು. ಭಾವ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಮೆಷಿನ್ನಿನ ಪಕ್ಕದಲ್ಲಿ ನಿಂತರು. ಒಂದು ಗಂಟೆ ನಿಂತೇ ಇದ್ದರು. ಕೂತ್ಕೊಳ್ಳಿ ಭಾವ ಎಂದರೆ ಕೂರಲಿಲ್ಲ.

ಅಮ್ಮ ಕರೆದಾಗ ನಾನು ಹೋಗಿ ಟಿನ್ನನ್ನು ಎತ್ತಿದೆ. ಮಲಗಿದ ಮಗುವನ್ನು ಒಬ್ಬರ ಮಡಿಲಿಂದ ಇನ್ನೊಬ್ಬರ ತೋಳಿಗೆ ಎತ್ತಿಕೊಳ್ಳುವ ಹಾಗೆ ಎತ್ತಿ ಒವನ್ನಿನೊಳಗೆ ಇಟ್ಟೆ. ಇಪ್ಪತ್ತು ನಿಮಿಷಕ್ಕೆ ಬೆಣ್ಣೆ ಬೆಂದ ವಾಸನೆ ನನ್ನ ಅಂಗಡಿಗೂ ಬಂತು. ಹೊರತೆಗೆದಾಗ ಏಳು ಬನ್ನು ಒಂದಕ್ಕೊಂದು ಅಂಟಿಕೊಂಡು, ಟಿನ್ನಿನ ಅಂಚು ದಾಟಿ, ಜೇನಿನ ಬಣ್ಣಕ್ಕೆ ಎದ್ದು ನಿಂತಿದ್ದವು. ಭಾವ ಬಿಸಿಯಲ್ಲೇ ಅವುಗಳ ಮೇಲೆ ಹಾಲು ಸವರಿ, ಸಿಪ್ಪೆ ಗಟ್ಟಿಯಾಗದಿರಲೆಂದು ಒದ್ದೆ ಬಟ್ಟೆ ಮುಚ್ಚಿದರು. ಆರಿದ ಮೇಲೆ ಒಂದನ್ನು ಬಿಡಿಸಿದರು. ಬಿಡಿಸಿದ ಕಡೆ ಒಳಗಿನದು ಎಳೆಎಳೆಯಾಗಿ, ಹಿಂಜಿದ ಹತ್ತಿಯ ಹಾಗೆ ಬಂತು. ಒಂದು ತುಂಡನ್ನು ಪ್ಲಾಸ್ಟರ್ ಬಾಯಿಯೊಳಗಿಟ್ಟು ಎರಡು ಬೆರಳಿನಿಂದ ಮೆಲ್ಲಗೆ ಒತ್ತಿದರು. ಮೇಲಿನ ಒಸಡು ಸದ್ದಿಲ್ಲದೆ ಇಳಿದು ಕೆಳಗಿನ ಒಸಡನ್ನು ಮುಟ್ಟಿತು. ಬೆರಳು ತೆಗೆದರು. ಬನ್ನಿನ ತುಂಡು ಮೆಲ್ಲಗೆ ಉಬ್ಬಿಕೊಳ್ಳುತ್ತಾ ಆ ಬಾಯಿಯನ್ನು ತಾನೇ ತೆರೆಯಿತು.

ಭಾವ ಮತ್ತೆ ಒತ್ತಿದರು. ಅದು ಮತ್ತೆ ತೆರೆಯಿತು. ಮೂರನೇ ಸಲ ಒತ್ತಲು ಹೋದಾಗ ಅಮ್ಮನಿಗೆ ರೇಗಿತು.

"ಆ ಸುಣ್ಣದ ಬಾಯಿಗೆ ಎಷ್ಟು ತಿನ್ನಿಸ್ತೀರಿ? ನನ್ನ ಬಾಯಿ ಇಲ್ಲೇ ಇದೆಯಲ್ಲ."

ಅಮ್ಮ ತಿಂದಳು. ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, ಆ ಕಡೆಯಿಂದ ಈ ಕಡೆಗೆ ತಳ್ಳಿ, ಅಗಿದು, ಮತ್ತೆ ತಳ್ಳಿ, ಕಣ್ಣು ಮುಚ್ಚಿಕೊಂಡು ನುಂಗಿದಳು. ಅರ್ಧ ಬನ್ನು ಮುಗಿಯಿತು. ಖಾಲಿ ಕೈ ಮುಂದೆ ಚಾಚಿ, "ಇನ್ನರ್ಧ ಯಾರಿಗೆ ಇಟ್ಟಿದ್ದೀರಿ?" ಎಂದು ಕೇಳಿದಳು. ನನಗೆ ಅಳು ಬಂತು. ಅದನ್ನು ತೋರಿಸಿಕೊಳ್ಳಬಾರದೆಂದು ಹೋಗಿ ಮೆಷಿನ್ನು ತುಳಿದೆ. ಸೂಜಿಯಲ್ಲಿ ದಾರ ಇರಲಿಲ್ಲ.

ಶುಕ್ರವಾರ, ಶನಿವಾರ, ಭಾನುವಾರ. ಅಮ್ಮ ಮೊದಲ ದಿನ ಎರಡು ತಿಂದಳು, ಮರುದಿನ ಮೂರು, ಭಾನುವಾರ ನಾಲ್ಕು. ಬೆಣ್ಣೆ ಸವರಿ, ಹಾಲಿನ ಕೆನೆ ಸವರಿ, ಬರಿದಾಗಿಯೂ ತಿಂದಳು. ಆದರೆ ಮೂರು ದಿನದಲ್ಲಿ ಎಷ್ಟು ಏರೀತು? ಮೂವತ್ತೆಂಟರ ಗೆರೆಗೂ ನಮಗೂ ನಡುವೆ ಇದ್ದದ್ದು ನೂರೇ ಗ್ರಾಂ, ಅದೂ ಬುಧವಾರ ಗುರುವಾರ ಅವಳು ಏನೂ ಮುಟ್ಟಿರಲಿಲ್ಲ. ಸೋಮವಾರ ಬೆಳಿಗ್ಗೆ ಅಕ್ಕ ಬಟ್ಟೆಯ ಚೀಲ ತುಂಬಿಟ್ಟು ಕೆಲಸಕ್ಕೆ ಹೋದಳು. ಚೀಲ ನೋಡಿ ಅಮ್ಮನ ಮುಖ ಸಣ್ಣದಾಯಿತು. "ಸ್ವಲ್ಪ ತಾಳಿ, ಬಂದೆ" ಎಂದು ಗೋಡೆ ಹಿಡಿದುಕೊಂಡು ಒಬ್ಬಳೇ ಅಡುಗೆಮನೆಗೆ ಹೋಗಿ, ಶಾಲು ಬಿಗಿಯಾಗಿ ಸುತ್ತಿಕೊಂಡು ಬಂದಳು.

ಆಸ್ಪತ್ರೆಯಲ್ಲಿ ಭಾವ ಒಳಗೆ ಬರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತರು. ಅಮ್ಮ ಪ್ರತಿ ವಾರವೂ ಶಾಲು ಹೊದ್ದೇ ತೂಕಕ್ಕೆ ನಿಲ್ಲುವವಳು, ಅವತ್ತೂ ಹಾಗೇ ನಿಂತಳು. ಹತ್ತಿಸುವಾಗ ಅವಳ ಸೊಂಟ ಹಿಡಿದೆ. ಶಾಲಿನೊಳಗೆ ಏನೋ ಗಟ್ಟಿಯಾಗಿ, ಮೊನಚಾಗಿ ಕೈಗೆ ಸಿಕ್ಕಿತು. ಮೂಳೆ ಇಷ್ಟು ಮೇಲೆ ಬಂದಿದೆಯಲ್ಲ ಎಂದುಕೊಂಡೆ. ಮುಳ್ಳು ತೂಗಾಡಿ ನಿಂತಿತು. ಮೂವತ್ತೆಂಟು ಕೆಜಿ ಏಳುನೂರು.

"ಪರವಾಗಿಲ್ವೇ" ಎಂದರು ಡಾಕ್ಟರು. "ಏನ್ ಕೊಟ್ರಿ?"

"ಬನ್ನು" ಎಂದೆ. ಡಾಕ್ಟರು ನನ್ನ ಮುಖ ನೋಡಿದರು. ಆಮೇಲೆ ನಳಿಗೆಯ ಚೀಟಿಯನ್ನು ಹರಿದು ಬುಟ್ಟಿಗೆ ಹಾಕಿ, ಅದನ್ನೇ ಕೊಡುತ್ತಿರಿ, ಮುಂದಿನ ವಾರ ಬನ್ನಿ ಎಂದರು.

ಹೊರಗೆ ಭಾವನಿಗೆ ಹೇಳಿದೆ. ಅವರು ಎದ್ದು ನಿಂತರು, ಮತ್ತೆ ಕೂತರು. ದಾರಿಯುದ್ದಕ್ಕೂ "ಆರುನೂರು ಗ್ರಾಂ" ಎಂದು ಎರಡು ಮೂರು ಸಲ ಹೇಳಿಕೊಂಡರು. ಮನೆಗೆ ಬಂದವರೇ ಕೈ ತೊಳೆದು ಹಿಟ್ಟಿಗೆ ಕೂತರು. ಉಂಡೆ ಕಟ್ಟಿ ಟಿನ್ನಿಗಿಟ್ಟು ತಲೆ ಎತ್ತಿದಾಗ ಡಬ್ಬಿಯ ಮೇಲೆ ಪ್ಲಾಸ್ಟರ್ ಬಾಯಿ ಇರಲಿಲ್ಲ. ಡಬ್ಬಿಯ ಹಿಂದೆ ನೋಡಿದರು, ಕೆಳಗೆ ನೋಡಿದರು. "ಇಲ್ಲೇ ಇತ್ತಲ್ಲ" ಎಂದು ನನ್ನ ಕಡೆ ನೋಡಿದರು. ನಾನು ಮುಟ್ಟಿರಲಿಲ್ಲ.

ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ಅಮ್ಮ ಶಾಲಿನ ಮಡಿಕೆ ಬಿಚ್ಚಿದಳು. ಹಿತ್ತಾಳೆಯ ಕೀಲಿನ ಸಮೇತ ತನ್ನ ಪ್ಲಾಸ್ಟರ್ ಬಾಯಿಯನ್ನು ಹೊರತೆಗೆದು ಕಟ್ಟೆಯ ಮೇಲಿಟ್ಟಳು.

"ಅಮ್ಮಾ" ಎಂದೆ.

"ಬೈಬೇಡ ಕಣೇ" ಎಂದಳು ಅಮ್ಮ. ನನ್ನ ಕಡೆ ನೋಡಲಿಲ್ಲ, ಭಾವನ ಕಡೆ ನೋಡಿದಳು. "ನಳಿಗೆಗೆ ಹೆದರಿ ಅಲ್ಲ. ಹಲ್ಲಿನ ವಿಷಯದಲ್ಲಿ ಒಂದ್ಸಲ ಇವ್ರ ಮುಖ ನೋಡಿದ್ದೀನಿ. ಇನ್ನೊಂದ್ಸಲ ಆ ಮುಖ ನೋಡೋ ಶಕ್ತಿ ನನಗಿರ್ಲಿಲ್ಲ. ಇನ್ನೊಂದು ವಾರ ಸಿಕ್ಕಿದ್ರೆ ನಾನು ತಿಂದೇ ತೂಕ ಮಾಡ್ಕೋತೀನಿ ಅನ್ನೋದು ನಂಗೊತ್ತಿತ್ತು."

ಭಾವ ಪ್ಲಾಸ್ಟರ್ ಬಾಯಿಯನ್ನು ತಕ್ಕಡಿಯ ಮೇಲಿಟ್ಟರು. ನಾನೂರ ಎಪ್ಪತ್ತು ಗ್ರಾಂ. ಪುಸ್ತಕ ತೆಗೆದು ಪೆನ್ಸಿಲ್ಲಿನಲ್ಲಿ ಕಳೆದರು. ಒಮ್ಮೆ ಕಳೆದು, ಸರಿಯಿದೆಯೋ ಇಲ್ಲವೋ ಎಂದು ಪಕ್ಕದಲ್ಲಿ ಇನ್ನೊಮ್ಮೆ ಕಳೆದರು.

"ಇದನ್ನ ತೆಗೆದ್ರೂ ನೂರ ಮೂವತ್ತು ಗ್ರಾಂ ಜಾಸ್ತಿ ಆಗಿದೆ ಅತ್ತೆ" ಎಂದರು. "ಅದು ನಿಮ್ದೇ. ನಿಜವಾಗ್ಲೂ ನಿಮ್ದೇ."

ಅಷ್ಟು ಹೇಳಿ, ಇಪ್ಪತ್ತು ವರ್ಷದಲ್ಲಿ ನಮ್ಮೆದುರು ಒಂದು ಸಲವೂ ಗಟ್ಟಿಯಾಗಿ ಸೀನದ ಆ ಮನುಷ್ಯ ಅಡುಗೆಮನೆಯ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು. ಮೈದಾ ಮೆತ್ತಿದ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಬೆಳ್ಳಗಾಯಿತು. ನಾನು ಅವರನ್ನು ನೋಡುತ್ತಾ ನಿಂತೆ. ನನ್ನ ನಾಲಿಗೆಗೆ ಹೊಳೆಯಬಹುದಾಗಿದ್ದ ಹತ್ತು ಕುಚೋದ್ಯಗಳಲ್ಲಿ ಒಂದೂ ಹೊಳೆಯಲಿಲ್ಲ.

"ಹಾಗಿದ್ರೆ ಅಷ್ಟು ಭಾರ ಹೊತ್ಕೊಂಡು ಹೋಗಿದ್ದು ದಂಡ ಅನ್ನಿ" ಎಂದಳು ಅಮ್ಮ. "ಸರಿ ಸರಿ, ಏಳಿ ಮೇಲೆ. ಬಿಸಿಲು ಸರಿದುಹೋಗ್ತಿದೆ, ಟಿನ್ನು ಕೊಡಿ ಇಲ್ಲಿ."

ಭಾವ ಎದ್ದರು. ಟಿನ್ನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕಟ್ಟೆಯಿಂದ ಒಂದು ಮಾರು ದೂರ ಸರಿದು ನಡೆದು, ಅಮ್ಮನ ಮಡಿಲಲ್ಲಿಟ್ಟರು. ಅಮ್ಮ ಅದರ ಮೇಲೆ ಶಾಲು ಮುಚ್ಚಿದಳು.